ಕೈ ನಡುಗಿದರೆ ಸೋತಂತೆಯೇ? ಸತ್ಯಾಂಶ ಇಲ್ಲಿದೆ

‘ನಿಜವಾದ ಚಾಂಪಿಯನ್‌ಗೆ ಒತ್ತಡವೇ ಆಗುವುದಿಲ್ಲ, ಕೈ ನಡುಗಿದರೆ ಸೋಲು ಗ್ಯಾರಂಟಿ’ ಎಂದು ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದ ಬಗ್ಗೆ ಒಂದು ಮೆಸೇಜ್ ಸುತ್ತುತ್ತಿರುತ್ತದೆ. ಇದು ನಿಜವಲ್ಲ.

ಎದೆಬಡಿತ, ನಡುಕ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಪೂಲ್, ಸ್ನೂಕರ್ ಸ್ಪರ್ಧೆಗಳಲ್ಲಿ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿಸಿದೆ. ದೊಡ್ಡ ಆಟಗಾರರಿಗೆ ನಡುಕವೇ ಇಲ್ಲದಿದ್ದರೆ ಈ ನಿಯಮ ಯಾಕೆ ಬೇಕಿತ್ತು, ಅಲ್ವಾ?

ಒತ್ತಡ ನಿಭಾಯಿಸಲು ದೊಡ್ಡ ಆಟಗಾರರು ಪ್ರತಿ ಹೊಡೆತಕ್ಕೂ ಒಂದೇ ಕ್ರಮ ಇಟ್ಟುಕೊಂಡಿರುತ್ತಾರೆ. ನಿಂತೇ ಗುರಿ ನಿರ್ಧರಿಸಿ, ಉಸಿರು ಬಿಟ್ಟು, ಬಗ್ಗಿ, ಕ್ಯೂ ಕೋಲನ್ನು ಎರಡು ಮೂರು ಸಲ ಆಡಿಸಿ ಹೊಡೆಯುತ್ತಾರೆ. ಬಗ್ಗಿದ ಮೇಲೆ ಅನುಮಾನ ಬಂತೋ, ಎದ್ದು ಮೊದಲಿಂದ ಶುರು. ನಮ್ಮಂಥವರು ಸುಮ್ನೆ ಹೊಡೆದುಬಿಡುತ್ತೇವೆ!

ಒತ್ತಡದಲ್ಲೂ ಗೆಲ್ಲಬಹುದು ಎಂಬುದಕ್ಕೆ ಒಂದು ಉದಾಹರಣೆ: 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಪೂಲ್ ಪಂದ್ಯದಲ್ಲಿ ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್, ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಎದುರು ಒಂದು ಹಂತದಲ್ಲಿ 17 ಆಟ ಹಿಂದಿದ್ದರು. ಬಹುಮಾನ 1 ಲಕ್ಷ ಡಾಲರ್. ಕೊನೆಗೆ 120-117ರಿಂದ ಗೆದ್ದವರು ರೇಯೆಸ್.