ಮಿಲಿಕೆನ್ ಎದುರಿನ ಕುರ್ಚಿ

2016ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ಟ್ರಾವರ್ಸ್ ಕೌಂಟಿಯ ರಿಪಬ್ಲಿಕನ್ ಪಕ್ಷದ ಘಟಕವು, ರಾಜ್ಯದ ಮಾಜಿ ಗವರ್ನರ್ ವಿಲಿಯಂ ಮಿಲಿಕೆನ್ ಅವರನ್ನು ಇನ್ನು ಮುಂದೆ ರಿಪಬ್ಲಿಕನ್ ಎಂದು ಪರಿಗಣಿಸಬಾರದೆಂದು ನಿರ್ಣಯ ಅಂಗೀಕರಿಸಿತು. ಆಗ ಮಿಲಿಕೆನ್ ಅವರಿಗೆ 94 ವರ್ಷ. ಅದೇ ಪಕ್ಷದ ಅಭ್ಯರ್ಥಿಯಾಗಿ ಅವರು ಮೂರು ಸಲ ಗವರ್ನರ್ ಚುನಾವಣೆ ಗೆದ್ದಿದ್ದರು. ಅವರ ತಂದೆ ಮತ್ತು ತಾತ ಇಬ್ಬರೂ ಅದೇ ಪಕ್ಷದಿಂದ ರಾಜ್ಯ ಸೆನೆಟ್ ಪ್ರವೇಶಿಸಿದ್ದರು. ನಿರ್ಣಯ ಮಾಡಿದ್ದು ಅವರು ಹುಟ್ಟಿ ಬೆಳೆದು ನಿವೃತ್ತರಾಗಿ ನೆಲೆಸಿದ್ದ ಊರಿನದೇ ಘಟಕ. ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಎದುರು ಪಕ್ಷವಾದ ಡೆಮಾಕ್ರಾಟರ ಅಭ್ಯರ್ಥಿ ಹಿಲರಿ ಕ್ಲಿಂಟನ್ ಅವರನ್ನು ಬೆಂಬಲಿಸಿದ್ದರು, 2004ರಲ್ಲಿ ಅದೇ ಪಕ್ಷದ ಜಾನ್ ಕೆರಿ ಅವರನ್ನು ಬೆಂಬಲಿಸಿದ್ದರು. ಪಕ್ಷದವರ ಸಿಟ್ಟಿಗೆ ಕಾರಣ ಇತ್ತು ಎಂಬುದನ್ನು ನಾನು ಒಪ್ಪುತ್ತೇನೆ.

2019ರ ಅಕ್ಟೋಬರ್‌ನಲ್ಲಿ, 97ನೆಯ ವಯಸ್ಸಿನಲ್ಲಿ, ಅವರು ಟ್ರಾವರ್ಸ್ ಸಿಟಿಯಲ್ಲಿ ತೀರಿಕೊಂಡರು. ಅಂದಿನಿಂದ ಇಲ್ಲಿ ಯಾವುದೇ ಚುನಾವಣೆ ಬರಲಿ, ಯಾರಾದರೂ ಒಬ್ಬರು ‘ಮಿಲಿಕೆನ್ ಅವರಂಥವರು ಈಗ ಎಲ್ಲಿದ್ದಾರೆ’ ಎಂದು ನಿಟ್ಟುಸಿರು ಬಿಡುವುದನ್ನು ಕೇಳುತ್ತಲೇ ಬಂದಿದ್ದೇನೆ. ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡದ ಗೆಳೆಯರಲ್ಲೂ ಹಲವರು ಇದೇ ಮಾತನ್ನಾಡುತ್ತಾರೆ. ಆ ಗೌರವದಲ್ಲಿ ನನಗೂ ಪಾಲಿದೆ. ಆದರೆ ಸಭ್ಯತೆಯನ್ನೇ ಅವರ ಸಾಧನೆ ಎಂದು ಹೊಗಳಿ ಮುಗಿಸುವುದರಿಂದ ಅವರಿಗೂ ನ್ಯಾಯ ಸಲ್ಲುವುದಿಲ್ಲ, ಅವರ ಆಡಳಿತದಲ್ಲಿ ನೊಂದವರಿಗೂ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಊರಿನಲ್ಲಿರುವ ಓದುಗರಿಗಾಗಿ ಒಂದು ಮಾತು: ಇಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ, ಹೆಚ್ಚು ಕಡಿಮೆ ನಮ್ಮ ಮುಖ್ಯಮಂತ್ರಿಯಷ್ಟೇ ಅಧಿಕಾರ ಚಲಾಯಿಸುವ ಹುದ್ದೆ ಅದು. ವ್ಯತ್ಯಾಸವೆಂದರೆ, ಶಾಸನಸಭೆಯಲ್ಲಿ ಎದುರು ಪಕ್ಷಕ್ಕೆ ಬಹುಮತ ಬಂದರೂ ಗವರ್ನರ್ ಕುರ್ಚಿ ಅಲುಗುವುದಿಲ್ಲ. ಮಿಲಿಕೆನ್ ಅವರ ಅಧಿಕಾರಾವಧಿಯ ಉತ್ತರಾರ್ಧದಲ್ಲಿ ಎರಡೂ ಸದನಗಳು ಡೆಮಾಕ್ರಾಟರ ಕೈಯಲ್ಲಿದ್ದವು. ಹಾಗಾಗಿ ಎದುರಾಳಿಗಳ ಜೊತೆ ಕೂತು ಮಾತನಾಡುವುದು ಅವರ ಮಟ್ಟಿಗೆ ದೊಡ್ಡ ಗುಣವಷ್ಟೇ ಆಗಿರಲಿಲ್ಲ. ಬಜೆಟ್ ಪಾಸಾಗಬೇಕಾದರೆ ಅದು ಅನಿವಾರ್ಯವೂ ಆಗಿತ್ತು.

ಹುಟ್ಟಿದ್ದು 1922ರಲ್ಲಿ, ವರ್ತಕರ ಮನೆಯಲ್ಲಿ. ಚೆರ್ರಿ ತೋಟಗಳಿಗೆ ಹೆಸರಾದ ಆ ಸರೋವರದ ದಂಡೆಯ ಊರಿನ ಮುಖ್ಯ ಬೀದಿಯಲ್ಲಿ ಅವರ ಕುಟುಂಬದ ದೊಡ್ಡ ಬಟ್ಟೆಬರೆ ಮಳಿಗೆಯಿತ್ತು. ಎರಡನೆಯ ಮಹಾಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಪಕ್ಕದ ಕಿಟಕಿಯಲ್ಲಿ ಬಂದೂಕು ಹಿಡಿದು ನಿಲ್ಲುವ ಗನ್ನರ್ ಆಗಿ ಯುರೋಪಿನಲ್ಲಿ 50 ಕಾರ್ಯಾಚರಣೆಗಳನ್ನು ಮುಗಿಸಿ, ಗಾಯಗೊಂಡು, ಪದಕ ಪಡೆದು ಬಂದರು. ಯೇಲ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಓದು ಮುಗಿಸಿ, ಮಳಿಗೆ ನೋಡಿಕೊಂಡು, 1961ರಲ್ಲಿ ರಾಜ್ಯ ಸೆನೆಟ್‌ಗೆ, 1965ರಲ್ಲಿ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ, ಅಂದರೆ ಗವರ್ನರ್ ನಂತರದ ಸ್ಥಾನಕ್ಕೆ, ಬಂದರು. 1969ರ ಜನವರಿಯಲ್ಲಿ ಗವರ್ನರ್ ಜಾರ್ಜ್ ರಾಮ್ನಿ ಅವರು ನಿಕ್ಸನ್ ಸಂಪುಟ ಸೇರಲು ರಾಜೀನಾಮೆ ಕೊಟ್ಟಾಗ ಕುರ್ಚಿ ತಾನಾಗಿಯೇ ಒಲಿದು ಬಂತು. ಮುಂದಿನ ವರ್ಷದ ಚುನಾವಣೆಯಲ್ಲಿ ಸ್ಯಾಂಡರ್ ಲೆವಿನ್ ವಿರುದ್ಧ ಅವರು ಗೆದ್ದದ್ದು ಸುಮಾರು 44 ಸಾವಿರ ಮತಗಳಿಂದ ಮಾತ್ರ. ಇಷ್ಟು ದೊಡ್ಡ ರಾಜ್ಯದಲ್ಲಿ ಅದು ಕೂದಲೆಳೆಯ ಅಂತರ. 1983ರ ಆರಂಭದವರೆಗೆ, ಅಂದರೆ ಸುಮಾರು 14 ವರ್ಷ, ಅವರೇ ಗವರ್ನರ್ ಆಗಿದ್ದರು. ಮಿಷಿಗನ್ ಇತಿಹಾಸದಲ್ಲಿ ಅಷ್ಟು ಕಾಲ ಆ ಹುದ್ದೆಯಲ್ಲಿದ್ದವರು ಮತ್ತೊಬ್ಬರಿಲ್ಲ.

ಮಧ್ಯಮಮಾರ್ಗಿ ಎಂಬ ಹೆಸರು ಅವರಿಗೆ ಹೇಗೆ ಬಂತೆಂದು ತಿಳಿಯಬೇಕಾದರೆ ಕೋಲ್ಮನ್ ಯಂಗ್ ಅವರ ವಿಷಯ ಹೇಳಲೇಬೇಕು. ಯಂಗ್ ಡೆಟ್ರಾಯಿಟ್‌ನ ಮೊದಲ ಕಪ್ಪು ಮೇಯರ್. ಕಾರ್ಮಿಕ ಸಂಘಟನೆಯಿಂದ ಬಂದವರು. 1952ರಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿಯ ಎದುರು ತಲೆ ತಗ್ಗಿಸದೆ ಉತ್ತರ ಕೊಟ್ಟು ಹೆಸರಾದವರು. ಬೈಗುಳಕ್ಕೂ ಅಷ್ಟೇ ಪ್ರಸಿದ್ಧರು. ಉತ್ತರದ ಬಿಳಿಯರ ಊರಿನಿಂದ ಬಂದ, ದನಿಯೇರಿಸಿ ಮಾತನಾಡದ ಮಿಲಿಕೆನ್ ಅವರಿಗೂ ಇವರಿಗೂ ಎಣ್ಣೆ ಸೀಗೇಕಾಯಿ ಸಂಬಂಧ ಇರಬೇಕೆಂದೇ ಎಲ್ಲರೂ ಎಣಿಸಿದ್ದರು. ಆದರೆ 1965ರಲ್ಲಿ ಮಿಲಿಕೆನ್ ಲೆಫ್ಟಿನೆಂಟ್ ಗವರ್ನರ್ ಆಗಿ ಸೆನೆಟ್‌ನ ಅಧ್ಯಕ್ಷ ಪೀಠದಲ್ಲಿ ಕೂತ ವರ್ಷವೇ ಯಂಗ್ ಅದೇ ಸದನಕ್ಕೆ ಸದಸ್ಯರಾಗಿ ಬಂದಿದ್ದರು. ನಾಲ್ಕು ವರ್ಷ ಒಬ್ಬರನ್ನೊಬ್ಬರು ಹತ್ತಿರದಿಂದ ನೋಡಿದ್ದರಿಂದ, ಯಾರ ಮಾತಿಗೆ ಎಷ್ಟು ತೂಕವಿದೆ, ಯಾರು ಎಲ್ಲಿ ಬಗ್ಗುತ್ತಾರೆ, ಎಲ್ಲಿ ಬಗ್ಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

1967ರ ಗಲಭೆಯಲ್ಲಿ 43 ಜನರನ್ನು ಕಳೆದುಕೊಂಡು, ಜನರೂ ತೆರಿಗೆಯೂ ಒಟ್ಟಿಗೆ ಉಪನಗರಗಳಿಗೆ ಹರಿದುಹೋಗುತ್ತಿದ್ದ ಡೆಟ್ರಾಯಿಟ್‌ನ ಪರವಾಗಿ ಯಂಗ್ ಒಂದು ಲೆಕ್ಕವನ್ನು ಮುಂದಿಟ್ಟರು. ನಗರದ ಕಲಾ ಮ್ಯೂಸಿಯಂ, ಮುಖ್ಯ ಗ್ರಂಥಾಲಯ ಮುಂತಾದವನ್ನು ಇಡೀ ರಾಜ್ಯದ ಜನ ಬಳಸುತ್ತಾರೆ, ಖರ್ಚನ್ನು ಮಾತ್ರ ನಗರದ ಬಡವರು ಹೊರುತ್ತಾರೆ. ಆದ್ದರಿಂದ ರಾಜ್ಯ ತನ್ನ ಪಾಲು ಕೊಡಬೇಕು. ಮಿಲಿಕೆನ್ ಒಪ್ಪಿದರು, ತಮ್ಮದೇ ಪಕ್ಷದ ಶಾಸಕರ ಗೊಣಗಾಟವನ್ನು ಎದುರಿಸಿ ಹಣ ಮಂಜೂರು ಮಾಡಿಸಿದರು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮಿಲಿಕೆನ್ ಅವರ ಔದಾರ್ಯಕ್ಕಿಂತ ಹೆಚ್ಚಾಗಿ ಯಂಗ್ ಅವರ ಬಲ. ಎದುರಿನ ಕುರ್ಚಿಯಲ್ಲಿ ಕೂತವರು ಕೇಳಿ ಪಡೆಯುವ ತಾಕತ್ತಿದ್ದವರು.

ಪರಿಸರದ ವಿಷಯದಲ್ಲೂ ಹೀಗೆಯೇ. ಯಾವುದೇ ಸಾಮಾನ್ಯ ಪ್ರಜೆ ಪರಿಸರದ ಪರವಾಗಿ ನೇರವಾಗಿ ಕೋರ್ಟಿಗೆ ಹೋಗಬಹುದು ಎಂಬ 1970ರ ಕಾನೂನಿಗೆ ಅವರು ಸಹಿ ಹಾಕಿದರು. ಬಾಟಲಿ ಮತ್ತು ಕ್ಯಾನುಗಳ ಮೇಲೆ ಠೇವಣಿ ವಿಧಿಸುವ ಮಸೂದೆಯನ್ನು ತಯಾರಕರ ಮತ್ತು ಅಂಗಡಿಯವರ ಒತ್ತಡಕ್ಕೆ ಮಣಿದು ಶಾಸನಸಭೆ ಮೂಲೆಗೆ ತಳ್ಳಿದಾಗ, ಬೇಟೆಗಾರರ ಮತ್ತು ಮೀನು ಹಿಡಿಯುವ ಹವ್ಯಾಸಿಗಳ ಸಂಘಟನೆಯು ಸಹಿ ಸಂಗ್ರಹಿಸಿ ವಿಷಯವನ್ನು ನೇರವಾಗಿ ಮತದಾರರ ಮುಂದಿಡಲು ಹೊರಟಿತು. ಮಿಲಿಕೆನ್ ಆ ಅಭಿಯಾನದ ಜೊತೆ ಬಹಿರಂಗವಾಗಿ ನಿಂತರು. 1976ರ ನವೆಂಬರ್‌ನಲ್ಲಿ ಅದು ಭಾರಿ ಬಹುಮತದಿಂದ ಗೆದ್ದಿತು. ಅಂದು ಗೊತ್ತುಪಡಿಸಿದ ಹತ್ತು ಸೆಂಟ್ ಇಂದಿಗೂ ಹತ್ತು ಸೆಂಟೇ. ಇಲ್ಲಿಗೆ ಹೊಸದಾಗಿ ಬಂದವರು ಯಾವುದಾದರೂ ದೊಡ್ಡ ಅಂಗಡಿಯ ಬಾಗಿಲ ಪಕ್ಕದ ಕೋಣೆಗೆ ಹೋಗಿ ನೋಡಬೇಕು: ಚಪ್ಪಲಿ ಅಂಟುವಷ್ಟು ಜಿಗುಟಾದ ನೆಲ, ಹುಳಿತ ಬಿಯರ್ ವಾಸನೆ, ಕ್ಯಾನನ್ನು ಒಂದೊಂದಾಗಿ ನುಂಗಿ ಜಜ್ಜುವ ಯಂತ್ರ, ಕೊನೆಗೆ ಹೊರಬರುವ ಚೀಟಿ. ನಮ್ಮ ಬೇಸಿಗೆ ಪಿಕ್ನಿಕ್ ಮುಗಿದ ಮೇಲೆ ಖಾಲಿ ಕ್ಯಾನುಗಳ ಚೀಲ ಯಾರ ಕಾರಿಗೆ ಎಂಬ ಚರ್ಚೆ ತಪ್ಪಿದ್ದೇ ಇಲ್ಲ. (ಬರಿಯ ನೀರಿನ ಬಾಟಲಿಗೆ ಮಾತ್ರ ಠೇವಣಿ ಇಲ್ಲ; ಆಗ ನೀರನ್ನು ಬಾಟಲಿಯಲ್ಲಿ ಕೊಂಡು ಕುಡಿಯುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.)

ಅವರ ಪತ್ನಿ ಹೆಲೆನ್ ಬಗ್ಗೆ ಪ್ರತ್ಯೇಕ ಬರಹವೇ ಬೇಕು. ಮಹಿಳೆಯರಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಗಾಗಿ ರಾಷ್ಟ್ರಮಟ್ಟದಲ್ಲಿ ದುಡಿದವರು ಅವರು. 1980ರ ಜುಲೈನಲ್ಲಿ ರಿಪಬ್ಲಿಕನ್ ರಾಷ್ಟ್ರೀಯ ಸಮಾವೇಶ ಡೆಟ್ರಾಯಿಟ್‌ನಲ್ಲೇ ನಡೆಯಿತು. ಅದನ್ನು ಅಲ್ಲಿಗೆ ತರಲು ಓಡಾಡಿದವರಲ್ಲಿ ಮಿಲಿಕೆನ್ ಪ್ರಮುಖರು. ಅದೇ ಸಮಾವೇಶದಲ್ಲಿ ಪಕ್ಷವು ಆ ತಿದ್ದುಪಡಿಗೆ ಹಲವು ದಶಕಗಳಿಂದ ಕೊಟ್ಟಿದ್ದ ಬೆಂಬಲವನ್ನು ಕೈಬಿಟ್ಟಿತು. ಒಳಗೆ ಆತಿಥೇಯ ರಾಜ್ಯದ ಗವರ್ನರ್. ಹೊರಗೆ ಬೀದಿಯಲ್ಲಿ ಪ್ರತಿಭಟನಾ ಮೆರವಣಿಗೆಯ ಜೊತೆ ಅವರ ಪತ್ನಿ. ಆ ವರ್ಷ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಮಿಲಿಕೆನ್ ಬೆಂಬಲಿಸಿದ್ದ ಜಾರ್ಜ್ ಬುಷ್ ಮಿಷಿಗನ್‌ನಲ್ಲಿ ರೇಗನ್ ಅವರನ್ನು ಸೋಲಿಸಿದ್ದರು. ಆದರೂ ಪಕ್ಷ ರೇಗನ್ ಅವರದಾಯಿತು. ಪಕ್ಷ ಮಿಲಿಕೆನ್ ಅವರನ್ನು ಬಿಟ್ಟದ್ದು 2016ರಲ್ಲಲ್ಲ, ಆ ವಾರವೇ ಎಂದು ನನಗೆ ಅನಿಸುತ್ತದೆ.

ಇನ್ನು ಅವರ ಅಭಿಮಾನಿಗಳು ಬೇಗ ಬೇಗ ದಾಟಿಹೋಗುವ ಅಧ್ಯಾಯಗಳಿಗೆ ಬರುತ್ತೇನೆ. 1973ರಲ್ಲಿ ಮಿಷಿಗನ್‌ನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ, ಹಸುಗಳ ಮೇವಿಗೆ ಬೆರೆಸುವ ಪುಡಿಯ ಬದಲು ಬೆಂಕಿನಿರೋಧಕ ರಾಸಾಯನಿಕವಾದ ಪಿಬಿಬಿಯ ಚೀಲಗಳು ತಪ್ಪಿ ಸಾಗಣೆಯಾದವು. ಎರಡರ ಹೆಸರೂ ಹೆಚ್ಚು ಕಡಿಮೆ ಒಂದೇ ರೀತಿ ಇತ್ತು. ಹಸುಗಳು ಹಾಲು ಕಡಿಮೆ ಮಾಡಿದವು, ಗೊರಸುಗಳು ವಿಕಾರವಾಗಿ ಬೆಳೆದವು, ಕರುಗಳು ಸತ್ತವು. ಕಾರಣ ಪತ್ತೆಯಾಗಿದ್ದು ಮರುವರ್ಷ, ಅದೂ ಬಹುಮಟ್ಟಿಗೆ ರಸಾಯನ ಎಂಜಿನಿಯರಿಂಗ್ ಓದಿದ್ದ ಒಬ್ಬ ಹೈನುಗಾರನ ಹಟದಿಂದ. ಅಷ್ಟರಲ್ಲಿ ಆ ಹಾಲು, ಮಾಂಸ, ಮೊಟ್ಟೆ ರಾಜ್ಯದ ಬಹುಪಾಲು ಮನೆಗಳ ಊಟದ ತಟ್ಟೆ ತಲುಪಿಯಾಗಿತ್ತು. ಸುಮಾರು 30 ಸಾವಿರ ದನಗಳನ್ನೂ 15 ಲಕ್ಷ ಕೋಳಿಗಳನ್ನೂ ಕೊಂದು ಹೂಳಬೇಕಾಯಿತು. ಕೃಷಿ ಇಲಾಖೆ ಸಮಸ್ಯೆ ಹತೋಟಿಯಲ್ಲಿದೆ ಎನ್ನುತ್ತಿತ್ತು. ಕಡಿಮೆ ಪ್ರಮಾಣದ ವಿಷ ತಗುಲಿದ ಮಂದೆಗಳ ರೈತರು ತಮ್ಮ ದನಗಳೂ ಸಾಯುತ್ತಿವೆ ಎನ್ನುತ್ತಿದ್ದರು. ಮಿಲಿಕೆನ್ ಬಹಳ ಕಾಲ ತಮ್ಮ ಇಲಾಖೆಯ ಮಾತನ್ನು ನಂಬಿದರು. ಮಾಂಸದಲ್ಲಿ ಇರಬಹುದಾದ ವಿಷದ ಮಿತಿಯನ್ನು ತೀರ ಕೆಳಗಿಳಿಸುವ ಕಾನೂನು ಬಂದದ್ದು 1977ರಲ್ಲಿ. ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವವರೆಂದು ಹೆಸರಾಗಿದ್ದ ಗವರ್ನರ್ ಅವರಿಗೆ ಸಂಘಟನೆಯ ಬಲವಿಲ್ಲದ ರೈತರ ಮಾತು ಕೇಳಿಸಲು ಮೂರು ವರ್ಷ ಬೇಕಾಯಿತು.

1978ರಲ್ಲಿ ಅವರು ಇನ್ನೊಂದು ಕಾನೂನಿಗೆ ಸಹಿ ಹಾಕಿದರು. 650 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕೊಕೇನ್ ಅಥವಾ ಹೆರಾಯಿನ್ ಇಟ್ಟುಕೊಂಡು ಸಿಕ್ಕಿಬಿದ್ದವರಿಗೆ, ಮೊದಲ ಅಪರಾಧವೇ ಆಗಿದ್ದರೂ, ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ. ನ್ಯಾಯಾಧೀಶರಿಗೆ ಕರುಣೆ ತೋರಲು ಅವಕಾಶವೇ ಇಲ್ಲ. ದಂಧೆಯ ದೊಡ್ಡ ಕುಳಗಳನ್ನು ಹಿಡಿಯಲು ಬೀಸಿದ ಬಲೆಗೆ ಸಿಕ್ಕವರಲ್ಲಿ ಬಹಳ ಮಂದಿ ಸರಕು ಸಾಗಿಸುವ ಸಣ್ಣವರು. 1991ರಲ್ಲಿ ಹಾರ್ಮೆಲಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಈ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ಸಹಿ ತಮ್ಮ ರಾಜಕೀಯ ಜೀವನದ ದೊಡ್ಡ ತಪ್ಪು ಎಂದು ಮಿಲಿಕೆನ್ ನಂತರ ಬಹಿರಂಗವಾಗಿ ಹೇಳಿ, ಕಾನೂನು ಬದಲಿಸಲು ಒತ್ತಾಯಿಸಿದರು. 1998ರಲ್ಲಿ ಅದು ಸಡಿಲವಾಯಿತು. ತಪ್ಪೊಪ್ಪಿಕೊಂಡದ್ದು ಅವರ ದೊಡ್ಡತನ, ನಿಜ. ಆದರೆ ಸಹಿ ಹಾಕಿದ್ದು ಏಕೆ? ಎರಡೂ ಪಕ್ಷಗಳು ಒಪ್ಪಿದ್ದವು, ಚುನಾವಣೆಯ ವರ್ಷವಾಗಿತ್ತು, ಮುಂದೆ ಜೈಲು ಸೇರಲಿರುವವರ ಪರವಾಗಿ ಎದುರಿನ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

ಅವರ ಹೆಸರು ಇಂದಿಗೂ ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಕೇಳಿಬರುವುದು ಮಿಲಿಕೆನ್ ವರ್ಸಸ್ ಬ್ರಾಡ್ಲಿ ಎಂಬ ಪ್ರಕರಣದಿಂದ. ಡೆಟ್ರಾಯಿಟ್ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಪ್ರತ್ಯೇಕವಾಗಿಡಲಾಗಿದೆ, ಇದರಲ್ಲಿ ರಾಜ್ಯದ ಪಾತ್ರವೂ ಇದೆ ಎಂದು ಕಂಡುಕೊಂಡ ನ್ಯಾಯಾಧೀಶ ಸ್ಟೀಫನ್ ರಾತ್, ನಗರದ ಜೊತೆ ಸುತ್ತಲಿನ 53 ಉಪನಗರ ಶಾಲಾ ಜಿಲ್ಲೆಗಳನ್ನೂ (ತಮ್ಮದೇ ಗಡಿಯೊಳಗಿನ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳು) ಸೇರಿಸಿ ಮಕ್ಕಳನ್ನು ಬಸ್ಸಿನಲ್ಲಿ ಅತ್ತಿತ್ತ ಕಳುಹಿಸುವ ಯೋಜನೆಗೆ ಆದೇಶಿಸಿದರು. ಬಿಳಿಯರ ಬಡಾವಣೆಗಳು ಕುದಿದವು. ಅಷ್ಟರಲ್ಲಾಗಲೇ ಪಾಂಟಿಯಾಕ್‌ನಲ್ಲಿ ಶಾಲಾ ಬಸ್ಸುಗಳನ್ನು ಬಾಂಬಿಟ್ಟು ಸುಟ್ಟಿದ್ದರು. 1972ರಲ್ಲಿ ವರ್ಣಭೇದದ ಪ್ರತಿಪಾದಕರೆಂದು ಹೆಸರಾಗಿದ್ದ, ಬಸ್ ಯೋಜನೆಗಳ ವಿರೋಧಿ ಜಾರ್ಜ್ ವಾಲೇಸ್ ಮಿಷಿಗನ್‌ನ ಡೆಮಾಕ್ರಾಟಿಕ್ ಪ್ರಾಥಮಿಕ ಚುನಾವಣೆ ಗೆದ್ದಿದ್ದರು. ಮಿಲಿಕೆನ್ ಈ ಬಸ್ ಯೋಜನೆಯನ್ನು ವಿರೋಧಿಸಿದರು. ಡೆಮಾಕ್ರಾಟ್ ಪಕ್ಷದ ಅಟಾರ್ನಿ ಜನರಲ್ ಫ್ರಾಂಕ್ ಕೆಲ್ಲಿ ರಾಜ್ಯದ ಪರವಾಗಿ ಮೇಲ್ಮನವಿ ನಡೆಸಿದರು. ಇಲ್ಲೂ ಎರಡು ಪಕ್ಷಗಳ ನಡುವೆ ಭಿನ್ನಾಭಿಪ್ರಾಯವಿರಲಿಲ್ಲ. 1974ರ ಜುಲೈ 25ರಂದು ಸುಪ್ರೀಂ ಕೋರ್ಟ್ 5-4ರಿಂದ ಉಪನಗರಗಳನ್ನು ಯೋಜನೆಯಿಂದ ಹೊರಗಿಟ್ಟಿತು. ಇದರಿಂದ ಮಹಾನಗರಗಳು ಬಿಳಿಯರದೊಂದು, ಕಪ್ಪುಜನರದೊಂದು ಎಂದು ಇಬ್ಭಾಗವಾಗುತ್ತವೆ ಎಂದು ಭಿನ್ನಮತದ ತೀರ್ಪಿನಲ್ಲಿ ಥರ್ಗುಡ್ ಮಾರ್ಷಲ್ ಎಚ್ಚರಿಸಿದರು.

ಈ ತೀರ್ಪಿಗೂ ನಮಗೂ ಸಂಬಂಧವಿಲ್ಲ ಎಂದು ನಾವು ತಿಳಿದಿದ್ದೇವೆ. ಕಾರು ಕಂಪನಿಗಳ ಕೆಲಸಕ್ಕೋ ಸಾಫ್ಟ್‌ವೇರ್ ಕೆಲಸಕ್ಕೋ ಬಂದು ಟ್ರಾಯ್, ನೋವೈ, ಕ್ಯಾಂಟನ್‌ನಂಥ ಉಪನಗರಗಳಲ್ಲಿ ಮನೆ ಕೊಳ್ಳುವ ಕನ್ನಡಿಗರು ಮನೆಯ ಏಜೆಂಟನ್ನು ಮೊದಲು ಕೇಳುವುದು ಅಡುಗೆಮನೆಯ ವಿಚಾರವಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು ಎಂಬುದನ್ನು. ನಾನೂ ಹಾಗೆಯೇ ಕೇಳಿ ಕೊಂಡವನು. ರಸ್ತೆಯ ಈ ಬದಿಯ ಮನೆಗೂ ಆ ಬದಿಯ ಮನೆಗೂ ಬೆಲೆಯಲ್ಲಿ ಅಷ್ಟು ಅಂತರ ಬರುವುದು ಶಾಲಾ ಜಿಲ್ಲೆಯ ಗಡಿಯಿಂದ, ಆ ಗಡಿಗೆ ಅಷ್ಟು ಗಟ್ಟಿತನ ಬಂದದ್ದು ಬಹುಮಟ್ಟಿಗೆ ಈ ತೀರ್ಪಿನಿಂದ. ಡೆಟ್ರಾಯಿಟ್‌ಗೆ ಮ್ಯೂಸಿಯಂ ಹಣ ಕೊಡಿಸಿದ ಗವರ್ನರ್ ಮತ್ತು ಡೆಟ್ರಾಯಿಟ್‌ನ ಮಕ್ಕಳನ್ನು ಗಡಿಯಾಚೆಯೇ ಉಳಿಸಿದ ಮೊಕದ್ದಮೆಯ ಗವರ್ನರ್ ಒಬ್ಬರೇ. ಈ ಎರಡನ್ನೂ ಒಟ್ಟಿಗೆ ಹೇಳದ ಮಿಲಿಕೆನ್ ಸ್ಮರಣೆ ನನಗೆ ಅರ್ಧ ಎನಿಸುತ್ತದೆ.

ಹಾಗೆಂದು ಅವರ ದಾರಿಯೇ ಸರಿಯಲ್ಲ ಎಂದು ವಾದಿಸುವವನಲ್ಲ ನಾನು. ಬಡ ಮಹಿಳೆಯರ ಗರ್ಭಪಾತಕ್ಕೆ ಸರ್ಕಾರಿ ನೆರವು ನಿಲ್ಲಿಸುವ ಮಸೂದೆಗಳನ್ನು ಅವರು ಮತ್ತೆ ಮತ್ತೆ ವೀಟೋ ಮಾಡಿದರು. ಅಲ್ಲಿ ಮಧ್ಯದ ದಾರಿ ಹುಡುಕುತ್ತಾ ಕೂರಲಿಲ್ಲ. 80ರ ದಶಕದ ಆರಂಭದಲ್ಲಿ ಕಾರು ಉದ್ಯಮ ಕುಸಿದು ನಿರುದ್ಯೋಗ ಶೇ 14 ದಾಟಿದಾಗ, ಜನಪ್ರಿಯವಲ್ಲವೆಂದು ಗೊತ್ತಿದ್ದೂ ಆದಾಯ ತೆರಿಗೆಯನ್ನು ತಾತ್ಕಾಲಿಕವಾಗಿ ಏರಿಸಿದರು. ಅವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಅವರ ಆಡಳಿತದ ರೀತಿಗೆ ಎದುರಿಗೊಬ್ಬ ಗಟ್ಟಿ ಪ್ರತಿವಾದಿ ಬೇಕಿತ್ತು. ಪ್ರತಿವಾದಿ ಇದ್ದಾಗ ಅದು ಚೆನ್ನಾಗಿ ನಡೆಯಿತು, ಇಲ್ಲದಾಗ ಎಡವಿತು.

ಅಂಥ ಪ್ರತಿವಾದಿಗಳು ಬೆಳೆಯುವುದಕ್ಕೆ ಸಮಯ ಬೇಕು. ಯಂಗ್ ಒಂಬತ್ತು ವರ್ಷ ಸೆನೆಟ್‌ನಲ್ಲಿ ಪಳಗಿ ಮೇಯರ್ ಆದವರು. 1992ರಲ್ಲಿ ಮಿಷಿಗನ್ ಮತದಾರರು ಅವಧಿ ಮಿತಿ ತಂದು ಗವರ್ನರ್‌ಗೆ ಎರಡು ಅವಧಿ, ಕೆಳಮನೆಯ ಸದಸ್ಯರಿಗೆ ಒಟ್ಟು ಆರು ವರ್ಷ, ಸೆನೆಟರ್‌ಗಳಿಗೆ ಎಂಟು ವರ್ಷ ಎಂದು ನಿಗದಿ ಮಾಡಿದರು. ಇದರ ನಂತರ, ಎದುರು ಪಕ್ಷದವರ ಸ್ವಭಾವ ಅರ್ಥವಾಗುವ ಹೊತ್ತಿಗೆ ಶಾಸಕರು ಮನೆಗೆ ಹೊರಟಿರುತ್ತಿದ್ದರು. ಲಾಬಿ ನಡೆಸುವವರು ಮಾತ್ರ ವರ್ಷಗಟ್ಟಲೆ ಅಲ್ಲೇ ಇರುತ್ತಿದ್ದರು. 2022ರಲ್ಲಿ ಈ ನಿಯಮವನ್ನು ಬದಲಿಸಿ, ಎರಡು ಸದನಗಳನ್ನೂ ಸೇರಿಸಿ 12 ವರ್ಷ ಎಂದು ಮಾಡುವ ಪ್ರಸ್ತಾವ ಮತಪತ್ರದಲ್ಲಿ ಬಂದಾಗ, ರಾಜಕಾರಣಿಗಳಿಗೆ ಇನ್ನಷ್ಟು ಕಾಲ ಕುರ್ಚಿ ಏಕೆ ಕೊಡಬೇಕೆಂದು ನನ್ನ ಗೆಳೆಯರಲ್ಲಿ ಹಲವರು ವಿರೋಧಿಸಿದರು. ನಾನು ಪರವಾಗಿ ಮತ ಹಾಕಿದೆ, ಮತ್ತೊಮ್ಮೆ ಕೇಳಿದರೂ ಹಾಗೆಯೇ ಹಾಕುತ್ತೇನೆ.