ಗೊತ್ತಾಗದ ಹಾಗೆ ಬಿಡಿಸ್ತಾರಂತೆ!

ಇವತ್ತು ಬೆಳಿಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಮತ್ತೆ ಅದೇ ಜಾಹೀರಾತು. 'ಕುಡಿಯುವವರಿಗೆ ಗೊತ್ತಾಗದಂತೆ ಈ ಪುಡಿ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ.' ಅದರ ಕೆಳಗೆ ಹಿರಿಯರೊಬ್ಬರ ಷರಾ: 'ನಿಮ್ಮಣ್ಣನಿಗೂ ಇದನ್ನೇ ಕೊಡಬಹುದಿತ್ತಲ್ಲ.' ಅಣ್ಣನೂ ಅದೇ ಗ್ರೂಪಿನಲ್ಲಿದ್ದಾನೆ. ಗೊತ್ತಾಗದ ಹಾಗೆ ಅಂದ್ರೆ ಹೀಗಿರಬೇಕು ನೋಡಿ!

ನಮ್ಮ ಮನೆಯ ಕಥೆ ಉದ್ದ ಮಾಡಲ್ಲ. ಅಣ್ಣ ಕುಡಿತ ಬಿಟ್ಟಿದ್ದಾನೆ. ಬಿಟ್ಟವನು ಅವನು, ನಾವು ಬಿಡಿಸಿದ್ದಲ್ಲ. ಎಷ್ಟು ಸಲ ಹೇಳಿದರೂ ಜನಕ್ಕೆ ಇದು ತಲೆಗೆ ಹೋಗುವುದಿಲ್ಲ.

ಆ ಪುಡಿಯಲ್ಲಿ ಏನಿದೆ ಅಂತ ಕಳಿಸಿದವರಿಗೆ ಗೊತ್ತಾ? ಡೈಸಲ್ಫಿರಾಮ್ ಅಂತ ಒಂದು ಔಷಧಿ ಇದೆ. 1940ರ ದಶಕದ ಕೊನೆಯಿಂದ ಕುಡಿತದ ಚಿಕಿತ್ಸೆಗೆ ಬಳಸುತ್ತಿದ್ದಾರೆ. ಅದು ಕುಡಿಯುವ ಆಸೆಯನ್ನೇನೂ ಅಳಿಸುವುದಿಲ್ಲ. ಕುಡಿದದ್ದು ಮೈಯಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ನಿಲ್ಲುವ ಹಾಗೆ ಮಾಡುತ್ತದೆ. ಮುಖ ಕೆಂಪಾಗುತ್ತದೆ, ವಾಂತಿಯಾಗುತ್ತದೆ, ಎದೆ ಡವಡವ ಅನ್ನುತ್ತದೆ, ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರ ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ 2 ವಾರದವರೆಗೆ ಈ ಅಪಾಯ ಇರುತ್ತದೆ. ಅದಕ್ಕೇ ಡಾಕ್ಟರು ಪರೀಕ್ಷೆ ಮಾಡಿ, ಎಲ್ಲ ಹೇಳಿ, ರೋಗಿ ಒಪ್ಪಿದ ಮೇಲೆ ಕೊಡುವುದು. ಇವರ ಪುಡಿಯಲ್ಲಿ ಅದೇ ಇದ್ದರೆ, ವಿಷಯ ಗೊತ್ತಿಲ್ಲದವನು ಎಂದಿನಂತೆ ಕುಡಿದರೆ? ಹೊಣೆ ಯಾರದು, ಫಾರ್ವರ್ಡ್ ಮಾಡಿದವರದಾ?

ಬರೀ ಹೆದರಿ ಒಮ್ಮೆಲೇ ಕುಡಿಯೋದು ನಿಲ್ಲಿಸಿದ ಅಂತಲೇ ಇಟ್ಟುಕೊಳ್ಳಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದ ದೇಹಕ್ಕೆ 2-3 ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸಬಹುದು. ಅದಕ್ಕೂ ಆಸ್ಪತ್ರೆಯೇ ಬೇಕು.

'ಅವನು ಡಾಕ್ಟರ ಹತ್ತಿರ ಬರಲ್ಲ ಅಂದ್ರೆ ಮನೆಯವರು ಏನು ಮಾಡಬೇಕು?' ಅಂತೀರಿ. ಸರಿ, ಆ ಸಂಕಟ ನನಗೂ ಗೊತ್ತು. ಅವನು ಬರದಿದ್ದರೆ ನೀವು ಹೋಗಿ! ಕುಡಿಯುವವರ ಮನೆಯವರು ಸೇರಿ ಕಷ್ಟ ಹೇಳಿಕೊಳ್ಳಲೆಂದೇ 1951ರಲ್ಲಿ ಅಲ್-ಅನಾನ್ ಎಂಬ ಕೂಟಗಳು ಶುರುವಾದವು. ಅಲ್ಲಿ ಹೇಳುವುದು ಇಷ್ಟೇ: ಇದಕ್ಕೆ ಕಾರಣ ನೀವಲ್ಲ, ಹಿಡಿತದಲ್ಲಿಡೋದು ನಿಮ್ಮ ಕೈಲಿಲ್ಲ, ವಾಸಿ ಮಾಡೋದೂ ನಿಮ್ಮಿಂದಾಗಲ್ಲ. 'ಹೆಂಡತಿ ಸರಿ ಇದ್ದಿದ್ರೆ ಯಾಕೆ ಕುಡೀತಿದ್ದ' ಅಂತ ಕೇಳಿ ಕೇಳಿ ಸಾಕಾಗಿದ್ದ ಅತ್ತಿಗೆ, ಅಲ್ಲಿಗೆ ಹೋಗಿ ಬಂದ ದಿನ ಚೆನ್ನಾಗಿ ನಿದ್ದೆ ಮಾಡಿದರು.

ಇನ್ನೊಂದು ಮಾತು, ಹೇಳಿಬಿಡ್ತೀನಿ. ಈಗಲೂ ಅಣ್ಣ ತಡವಾಗಿ ಬಂದರೆ ನನ್ನ ಮೂಗು ತಾನಾಗಿಯೇ ಚುರುಕಾಗುತ್ತದೆ. ಅವನಿಗೂ ಗೊತ್ತು. ಒಂದು ದಿನ ಹತ್ತಿರ ಬಂದು 'ಹಾ' ಅಂತ ಉಸಿರು ಬಿಟ್ಟು, 'ಆಯ್ತಾ?' ಅಂದ. ಇಬ್ಬರೂ ನಕ್ಕೆವು. ನಂಬಿಕೆ ಇನ್ನೂ ಇಷ್ಟರಲ್ಲೇ ಇದೆ. ಇಂಥವನಿಗೆ ಊಟದಲ್ಲಿ ಏನೋ ಬೆರೆಸಿದ್ದಾರೆ ಅನ್ನೋ ಅನುಮಾನ ಬಂದರೆ, ಡಾಕ್ಟರು ಬರೆದ ಮಾತ್ರೆಯನ್ನಾದರೂ ನಮ್ಮ ಕೈಯಿಂದ ತಗೋತಾನಾ?

ಅಷ್ಟೊಂದು ಕಾಳಜಿ ಇದ್ದವರು ಅವನ ಜೊತೆ ಒಂದು ದಿನ ಆಸ್ಪತ್ರೆಗೆ ಹೋಗಿ ಬನ್ನಿ. ರಜೆ ಹಾಕಬೇಕು, ಗಂಟೆಗಟ್ಟಲೆ ಕ್ಯೂನಲ್ಲಿ ಕೂರಬೇಕು. ಅವತ್ತು ಎಲ್ಲರಿಗೂ ಏನೋ ಅರ್ಜೆಂಟ್ ಕೆಲಸ ಇರುತ್ತೆ, ಬಿಡಿ.