ಲೆಫ್ಟ್ ಬ್ಯಾಕ್‌ಗೆ ಗುರುಬಲ ಬಂದಿದೆಯಾ?

ಭಾರತ ಫುಟ್‌ಬಾಲ್ ತಂಡಕ್ಕೆ ಸ್ನೇಹಪಂದ್ಯ ಬಂತೆಂದರೆ ಸಂಭಾವ್ಯರ ಪಟ್ಟಿ ಬಂತು. ಪಟ್ಟಿ ಬಂತೆಂದರೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಆಯ್ಕೆ ಸಮಿತಿ ಸೇರಿತು ಅಂತಲೇ ಲೆಕ್ಕ. ಬೆಳಿಗ್ಗೆ ಏಳಕ್ಕೆ ಮೆಣಸಿನ ರೇಟು ವಿಚಾರಿಸಲು ಬಂದವರು ಎಂಟಕ್ಕೆ ಡಿಫೆನ್ಸ್ ಕಟ್ಟಿ, ಎಂಟೂವರೆಗೆ ಇಬ್ಬರನ್ನು ಕೈಬಿಟ್ಟು, ಒಂಬತ್ತಕ್ಕೆ ಕೋಚನ್ನೇ ಮನೆಗೆ ಕಳಿಸಿ ಮೂಡಿಗೆರೆ ಬಸ್ಸು ಹತ್ತುತ್ತಾರೆ.

"ಅಲ್ಲ ಗೌಡ್ರೇ, ಆ ಮಿಜೋರಾಂ ಹುಡುಗನ್ನ ಅಂಚಿಂದ ತೆಗ್ದು ಒಳಗೆ ಆಡಿಸ್ಬೇಕು ಅಂತೀನಿ."

"ಒಳಗೆ ಆಡ್ಸಿ. ಅಂಚಿಂದ ಬಾಲ್ ಕೊಡೋರು ಯಾರು, ನಿಮ್ ಭಾವಮೈದನಾ?"

ಈ ಪ್ರಶ್ನೆಗೆ ರಾಷ್ಟ್ರೀಯ ಫೆಡರೇಷನ್ನಿನ ಕಚೇರಿಯಾದ ದೆಹಲಿಯ ಫುಟ್‌ಬಾಲ್ ಹೌಸ್‌ನಲ್ಲೂ ಉತ್ತರ ಇಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿಯವರು ಬೈಟು ಕಾಫಿಗೆ ತಮ್ಮ ಜೇಬಿನಿಂದಲೇ ದುಡ್ಡು ಕೊಡುತ್ತಾರೆ.

ಅಲ್ಲಿ ಯಾರ ಜೇಬಿನಿಂದ ಯಾವುದಕ್ಕೆ ಹೋಗುತ್ತದೆ ಎಂಬುದು 2023ರ ಸೆಪ್ಟೆಂಬರಿನಲ್ಲಿ ಊರಿಗೆಲ್ಲ ಗೊತ್ತಾಯಿತಲ್ಲ. ಅದಕ್ಕೂ ಹಿಂದಿನ ವರ್ಷ, ಜೂನ್ 11ಕ್ಕೆ ಕೋಲ್ಕತ್ತದಲ್ಲಿ ಅಫ್ಗಾನಿಸ್ತಾನದ ಎದುರು ಏಷ್ಯನ್ ಕಪ್ ಅರ್ಹತಾ ಪಂದ್ಯ. ಅದಕ್ಕೆ ಎರಡು ದಿನ ಮುಂಚೆ ಕೋಚ್ ಇಗೊರ್ ಸ್ಟಿಮಾಚ್ ಆಟಗಾರರ ಹೆಸರುಗಳನ್ನು ಒಬ್ಬ ಜ್ಯೋತಿಷಿಗೆ ಕಳಿಸಿದರಂತೆ. ಒಂದೊಂದು ಹೆಸರಿನ ಮುಂದೂ ಫಲ ಬರೆದು ಬಂತಂತೆ: ಒಬ್ಬ 'ಒಳ್ಳೆಯದು', ಇನ್ನೊಬ್ಬ 'ಚೆನ್ನಾಗಿ ಆಡಬಲ್ಲ, ಅತಿ ಆತ್ಮವಿಶ್ವಾಸ ಬೇಡ', ಮತ್ತೊಬ್ಬ 'ಆ ದಿನಕ್ಕೆ ಶಿಫಾರಸಿಲ್ಲ'. ಇದಕ್ಕೆ ಫೆಡರೇಷನ್ ಕೊಟ್ಟಿದ್ದು 12ರಿಂದ 15 ಲಕ್ಷ ರೂಪಾಯಿ ಎಂದು ವರದಿಯಾಯಿತು. ನಮ್ಮ ಹಾಸನದ ಕಡೆ ತಟ್ಟೆಯಲ್ಲಿ 501 ರೂಪಾಯಿ, ವೀಳ್ಯದೆಲೆ, ಅಡಿಕೆ ಇಟ್ಟಿದ್ದರೆ ಇಷ್ಟು ಹೇಳಿ, ಮೇಲೆ ಶನಿಗೆ ಎಳ್ಳುದೀಪ ಹಚ್ಚುವ ಪರಿಹಾರವನ್ನೂ ಸೇರಿಸಿ ಕೊಡುತ್ತಿದ್ದರು. 'ಚೆನ್ನಾಗಿ ಆಡಬಲ್ಲ, ಅತಿ ಆತ್ಮವಿಶ್ವಾಸ ಬೇಡ' ಎಂಬ ಫಲ ಯಾರಿಗೆ ತಾನೇ ಹೊಂದುವುದಿಲ್ಲ? ಕಾರ್ನರ್ ಬಾವುಟದ ಕೋಲಿಗೂ ಹೊಂದುತ್ತದೆ.

ಆ ಪಂದ್ಯ 2–1ರಲ್ಲಿ ಗೆದ್ದೆವು. 86ನೇ ನಿಮಿಷದಲ್ಲಿ ಸುನಿಲ್ ಚೆಟ್ರಿ, ಇಂಜುರಿ ಸಮಯದಲ್ಲಿ ಸಹಲ್ ಗೋಲು ಹೊಡೆದರು. ಮೊದಲ 85 ನಿಮಿಷ ಗ್ರಹಗಳು ಏನು ಮಾಡುತ್ತಿದ್ದವೋ.

ಇದರಲ್ಲಿ ಒಂದು ತಾಂತ್ರಿಕ ತೊಡಕಿದೆ, ಅದನ್ನು ಯಾರೂ ಎತ್ತಲಿಲ್ಲ. ಜಾತಕಕ್ಕೆ ಹುಟ್ಟಿದ ಗಳಿಗೆ ಬೇಕು. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ನಮ್ಮ ದೇಶದಲ್ಲಿ ಗಳಿಗೆ ಹಾಗಿರಲಿ, ತಾರೀಖಿಗೇ ಗತಿಯಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಕನ್ನಡಕ ಏರಿಸಿ 'ಜೂನ್ 1' ಅಂತ ಬರೆದರೆ ಅದೇ ಹುಟ್ಟಿದಹಬ್ಬ. ವಯಸ್ಸು ಮುಚ್ಚಿಡುವ ಕಾಟ ಎಷ್ಟೆಂದರೆ ಕಿರಿಯರ ಟೂರ್ನಿಗಳಲ್ಲಿ ಹುಡುಗರ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಎಲುಬಿನ ತುದಿ ಎಷ್ಟು ಕೂಡಿದೆ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಎಲುಬು ಹತ್ತೊಂಬತ್ತು ಅನ್ನುತ್ತದೆ, ಕಾಗದ ಹದಿನಾರು ಅನ್ನುತ್ತದೆ. ಇನ್ನು ಗುರುಬಲವನ್ನು ಯಾವುದಕ್ಕೆ ನೋಡುವುದು, ಎಲುಬಿಗೋ ಕಾಗದಕ್ಕೋ? ಎಲ್ಲರೂ ಜೂನ್ 1ರಂದೇ ಹುಟ್ಟಿದ್ದಾರೆ ಎಂದು ಒಪ್ಪಿಕೊಂಡರೆ ಒಂದು ಅನುಕೂಲ ಉಂಟು. ಅಂದು ಸೂರ್ಯ ವೃಷಭದಲ್ಲಿರುತ್ತಾನೆ. ಡಿಫೆನ್ಸಿನಲ್ಲಿ ನಾಲ್ಕು ಎತ್ತು ನಿಲ್ಲಿಸಿದ ಹಾಗಾಯಿತು.

ಎತ್ತು ಅಂದಾಗ ನೆನಪಾಯಿತು. ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವ ರೈತನೂ ಸುಳಿ ನೋಡುತ್ತಾನೆ. ಸುಳಿ ಕೆಟ್ಟದಾದರೆ ಹಗ್ಗ ಬಿಟ್ಟು ಮುಂದೆ ಹೋಗುತ್ತಾನೆ. ಮೂಢನಂಬಿಕೆಯೇ ಸರಿ. ಆದರೆ ಅದಕ್ಕೆ ಮುಂಚೆ ಬಾಯಿ ಬಿಡಿಸಿ ಹಲ್ಲು ಎಣಿಸಿರುತ್ತಾನೆ, ಗೊರಸು ಎತ್ತಿ ನೋಡಿರುತ್ತಾನೆ, ನಾಲ್ಕು ಹೆಜ್ಜೆ ನಡೆಸಿರುತ್ತಾನೆ, ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಎತ್ತರ ಸಮ ಇದೆಯೇ ಎಂದು ಹೆಗಲು ಮುಟ್ಟಿರುತ್ತಾನೆ. ಹಲ್ಲು ಮೊದಲು, ಸುಳಿ ಆಮೇಲೆ. ಮತ್ತೆ ಒಂಟಿ ಎತ್ತನ್ನು ಒಂದು ಜಾತ್ರೆಯಲ್ಲಿ, ಅದರ ಜೊತೆಯದನ್ನು ಇನ್ನೊಂದು ಜಾತ್ರೆಯಲ್ಲಿ ಕೊಂಡು ಮರುದಿನವೇ ನೊಗ ಹೂಡುವ ದಡ್ಡತನವನ್ನು ಯಾರೂ ಮಾಡುವುದಿಲ್ಲ.

ನಾವು ಮಾಡುತ್ತೇವೆ. ಕ್ಲಬ್ಬುಗಳು ಆಟಗಾರರನ್ನು ದೇಶದ ತಂಡಕ್ಕೆ ಬಿಟ್ಟುಕೊಡುವ ಫಿಫಾ ಬಿಡುವಿನ ಅವಧಿ ಸಾಮಾನ್ಯವಾಗಿ ಸೋಮವಾರ ಶುರುವಾಗಿ ಮುಂದಿನ ವಾರದ ಮಂಗಳವಾರಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಎರಡು ಪಂದ್ಯ. ಭಾನುವಾರ ಕ್ಲಬ್ಬಿಗೆ ಆಡಿದವನು ಸೋಮವಾರ ವಿಮಾನದಲ್ಲಿ, ಮಂಗಳವಾರ ಮೈಕೈ ನೋವಿನ ವಿಶ್ರಾಂತಿಯಲ್ಲಿ, ಬುಧವಾರ ಒಂದು ಸರಿಯಾದ ಅಭ್ಯಾಸ, ಗುರುವಾರ ಪಂದ್ಯ. ಆ ಒಂದು ಅಭ್ಯಾಸದಲ್ಲಿ ಇಬ್ಬರು ಸೆಂಟರ್ ಬ್ಯಾಕ್‌ಗಳಿಗೆ, ಅಂದರೆ ನಡುವಿನ ರಕ್ಷಕರಿಗೆ, ಯಾರು ಮುಂದೆ ನುಗ್ಗಬೇಕು, ಯಾರು ಹಿಂದೆ ಕಾಯಬೇಕು ಎಂದು ಕಲಿಸಲು ಬ್ರಹ್ಮನಿಗೂ ಆಗದು. ಅದಕ್ಕೇ ತಿಳಿದವರು ಒಂದೇ ಕ್ಲಬ್ಬಿನ ಜೋಡಿಯನ್ನು ಹಾಗೆಯೇ ಎತ್ತಿಕೊಂಡು ಬರುತ್ತಾರೆ. ನಮ್ಮಲ್ಲಿ ಚರ್ಚೆ ಯಾವಾಗಲೂ ಒಂಟಿ ಹೆಸರಿನದು. ಅವನು ಇವನಿಗಿಂತ ಮೇಲಾ, ಇವನು ಅವನಿಗಿಂತ ಮೇಲಾ. ಜೋಡಿಯ ಮಾತೇ ಇಲ್ಲ.

ಲೆಫ್ಟ್ ಬ್ಯಾಕ್, ಅಂದರೆ ಎಡ ಅಂಚಿನ ರಕ್ಷಕನ ಗೋಳಂತೂ ಮುಗಿಯದ್ದು. ಎಡಗಾಲಿನವನು ಸಿಗಲಿಲ್ಲ ಎಂದು ಬಲಗಾಲಿನವನನ್ನು ಆ ಕಡೆ ನಿಲ್ಲಿಸುತ್ತಾರೆ. ಅವನು ಗೆರೆಯವರೆಗೆ ಓಡಿ ಎಡಗಾಲಲ್ಲಿ ಕ್ರಾಸ್ ಹಾಕಲಾರ. ಚೆಂಡನ್ನು ಬಲಗಾಲಿಗೆ ತಂದುಕೊಳ್ಳಲು ಒಂದು ಹೆಜ್ಜೆ ಒಳಗೆ ತಿರುಗುತ್ತಾನೆ. ಆ ಒಂದು ಹೆಜ್ಜೆಯಲ್ಲಿ ಎದುರಾಳಿ ಬಂದು ಅಡ್ಡ ನಿಂತಿರುತ್ತಾನೆ. ಅಲ್ಲೇ ಒಳಗೆ ಸರಿದಿದ್ದ ನಮ್ಮ ವಿಂಗರ್‌ಗೂ ಜಾಗ ಮುಚ್ಚಿಹೋಗುತ್ತದೆ. ಚೆಂಡು ಹಿಂದಕ್ಕೆ, ಸೆಂಟರ್ ಬ್ಯಾಕ್‌ಗೆ. ಅವನಿಂದ ಗೋಲಿಗೆ. ಗೋಲಿ ಮೇಲಕ್ಕೆ ಒದೆಯುತ್ತಾನೆ. ಟಿವಿಯಲ್ಲಿ ಇದಕ್ಕೆ 'ಪೊಸೆಷನ್' ಅನ್ನುತ್ತಾರೆ.

ಸರಿ, ಸೋತರೆ ಎಷ್ಟು ಹೋಗುತ್ತದೆ ಎಂದು ಯಾರಾದರೂ ಕೂಡಿ ಕಳೆದು ನೋಡಿದ್ದಾರಾ? ಫಿಫಾ ರ‍್ಯಾಂಕಿಂಗ್ ಲೆಕ್ಕ 2018ರಿಂದ ಬಹಳ ಸುಲಭವಾಗಿದೆ. ಬಂದ ಫಲದಿಂದ ನಿರೀಕ್ಷೆಯ ಫಲ ಕಳೆದು ಪಂದ್ಯದ ತೂಕದಿಂದ ಗುಣಿಸಬೇಕು. ಗೆಲುವಿಗೆ 1, ಡ್ರಾಗೆ ಅರ್ಧ, ಸೋಲಿಗೆ ಸೊನ್ನೆ. ಫಿಫಾ ಅವಧಿಯ ಸ್ನೇಹಪಂದ್ಯದ ತೂಕ 10, ಅದರ ಹೊರಗಿನದಕ್ಕೆ ಬರೀ 5, ಏಷ್ಯನ್ ಕಪ್ ಅರ್ಹತಾ ಪಂದ್ಯಕ್ಕೆ 25. ನಮಗಿಂತ 200 ಪಾಯಿಂಟ್ ಮೇಲಿರುವ ತಂಡದ ಎದುರು ನಮ್ಮ ನಿರೀಕ್ಷೆ ಸುಮಾರು 0.32. ಅಂಥವರ ಮುಂದೆ ಸ್ನೇಹಪಂದ್ಯ ಸೋತರೆ ಹೋಗುವುದು ಮೂರು ಚಿಲ್ಲರೆ ಪಾಯಿಂಟ್. ಡ್ರಾ ಮಾಡಿಕೊಂಡರೆ ಎರಡರ ಹತ್ತಿರ ಬರುತ್ತದೆ, ಗೆದ್ದರೆ ಏಳರ ಹತ್ತಿರ. ಅದೇ ಸೋಲು ಅರ್ಹತಾ ಪಂದ್ಯದಲ್ಲಾದರೆ ಎಂಟು ಹೋಯಿತು, ಅರ್ಹತೆಯೂ ಹೋಯಿತು. ಅಂದಮೇಲೆ ಹೊಸಬರನ್ನು ಇಳಿಸಿ, ತಪ್ಪು ಮಾಡಿಸಿ, ಯಾರು ತಡೆದುಕೊಳ್ಳುತ್ತಾರೆ ನೋಡಿಕೊಳ್ಳಲಿ ಎಂದೇ ಸ್ನೇಹಪಂದ್ಯ ಇರುವುದು. ಬಿತ್ತನೆಗೆ ಮುಂಚೆ ಬೀಜವನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ಮೊಳಕೆ ನೋಡುವ ಹಾಗೆ.

ನಮ್ಮವರು ಅಲ್ಲೇ ಮರ್ಯಾದೆ ಉಳಿಸಿಕೊಳ್ಳಲು ಹೊರಡುತ್ತಾರೆ. 2024ರ ಜೂನ್ 6ರಂದು ಕುವೈತ್ ಎದುರು ಆಡಿ, ಇಡೀ ಸಾಲ್ಟ್ ಲೇಕ್ ಅಳುವಂತೆ ವಿದಾಯ ಹೇಳಿ ಹೋದ ಸುನಿಲ್ ಚೆಟ್ರಿಯನ್ನು ಒಂಬತ್ತು ತಿಂಗಳಿಗೆ ವಾಪಸು ಕರೆಸಿದರು. 2025ರ ಮಾರ್ಚ್ 19, ಶಿಲ್ಲಾಂಗ್, ಎದುರಿಗೆ ಮಾಲ್ಡೀವ್ಸ್. ನಲವತ್ತರ ಚೆಟ್ರಿ 95ನೇ ಗೋಲು ಹೊಡೆದರು, 3–0. 2023ರ ನವೆಂಬರ್ ನಂತರ ಮೊದಲ ಗೆಲುವು. ಊರೆಲ್ಲ ಹಬ್ಬ. ಆರು ದಿನ ಬಿಟ್ಟು ಅದೇ ಶಿಲ್ಲಾಂಗ್‌ನಲ್ಲಿ ಲೆಕ್ಕಕ್ಕೆ ಬರುವ ಏಷ್ಯನ್ ಕಪ್ ಅರ್ಹತಾ ಪಂದ್ಯ, ಬಾಂಗ್ಲಾದೇಶದ ಎದುರು 0–0. ಚೆಟ್ರಿಯದು ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆ ಸೀಸನ್ನಿನ ಐಎಸ್‌ಎಲ್‌ನಲ್ಲಿ, ಅಂದರೆ ದೇಶದ ದೊಡ್ಡ ಕ್ಲಬ್ ಲೀಗಿನಲ್ಲಿ, ಬೆಂಗಳೂರು ತಂಡಕ್ಕೆ 14 ಗೋಲು ಹೊಡೆದಿದ್ದರು, ಭಾರತೀಯರಲ್ಲಿ ಅವರೇ ಮೊದಲು. ನಾಚಿಕೆಪಡಬೇಕಾದದ್ದು ಆ ವಾಕ್ಯದ ಕೊನೆಯ ಭಾಗಕ್ಕೆ. ಕ್ಲಬ್ಬುಗಳು ಗೋಲು ಹೊಡೆಯುವ ಮುಂಚೂಣಿಯ ಜಾಗವನ್ನು ವಿದೇಶಿಯರಿಗೆ ಬರೆದುಕೊಟ್ಟಿವೆ. ನಮ್ಮ ಹುಡುಗ ಸ್ಟ್ರೈಕರ್ ಆಗಿ ಸೇರಿ ಎರಡೇ ಸೀಸನ್ನಿಗೆ ಅಂಚಿಗೆ ತಳ್ಳಿಸಿಕೊಂಡು ವಿಂಗರ್ ಆಗುತ್ತಾನೆ. ಹಾಗಾಗಿ ರಾಷ್ಟ್ರೀಯ ತಂಡದಲ್ಲಿ ಕ್ರಾಸ್ ಹಾಕುವವರಿಗೆ ಬರವಿಲ್ಲ. ತಲೆ ಕೊಡುವವನಿಲ್ಲ.

ಹೊಸ ಹುಡುಗರಿಗೆ ಅವಕಾಶ ಕೊಡುವುದೇ ಇಲ್ಲ ಎಂದರೆ ಸುಳ್ಳಾದೀತು. ಕೊಡುತ್ತಾರೆ, 88ನೇ ನಿಮಿಷದಲ್ಲಿ. ನಮ್ಮ ತೋಟಗಳಲ್ಲಿ ಹೂಮಳೆ ಅಂತ ಒಂದಿದೆ. ನೂರು ಸೆಂಟ್, ಅಂದರೆ ಒಂದಿಂಚು ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ಗಿಡ ಬೆಳ್ಳಗಾಗುತ್ತದೆ. ಹತ್ತೋ ಹದಿನೈದೋ ಸೆಂಟ್ ಉದುರಿಸಿ ಹೋದರೆ ಮೊಗ್ಗು ಅರ್ಧಂಬರ್ಧ ಬಿರಿದು ಒಣಗುತ್ತದೆ, ಅದಕ್ಕಿಂತ ಬೀಳದೇ ಇದ್ದರೆ ವಾಸಿ ಅನ್ನುತ್ತಾರೆ ಬೆಳೆಗಾರರು. ಚೆನ್ನಾಗಿ ಬಿದ್ದರೂ ಮುಗಿಯಲಿಲ್ಲ, ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲವಾದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. 88ನೇ ನಿಮಿಷದ ಹುಡುಗನದು ಹತ್ತು ಸೆಂಟಿನ ಮಳೆ. ಅಷ್ಟು ಹೊತ್ತಿಗೆ ಐದಾರು ಜನ ಬದಲಾಗಿ ತಂಡ ಚದುರಿರುತ್ತದೆ, ಯಾರ ಜಾಗ ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ, ಅವನ ಕಾಲಿಗೆ ಚೆಂಡು ಮೂರು ಸಲ ತಾಗುತ್ತದೆ, ಒಂದು ಹೊರಗೆ ಹೋಗುತ್ತದೆ. 'ನೋಡಿದೆವಲ್ಲ ಅವನನ್ನೂ' ಎಂದು ಷರಾ ಬರೆದರು. ಬ್ಯಾಕಿಂಗ್ ಮಳೆ ಮುಂದಿನ ಜನ್ಮದಲ್ಲಿ.

ಆರಿಸುವವರ ಆಯ್ಕೆಯ ಸೊಗಸೂ ಕಡಿಮೆಯಲ್ಲ. ಮನೋಲೊ ಮಾರ್ಕೆಜ್ ದೇಶದ ಕೋಚ್ ಆಗಿದ್ದಾಗ ಗೋವಾ ಕ್ಲಬ್ಬಿಗೂ ಅವರೇ ಕೋಚ್. ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದರ ಹೆಸರು ಗೊತ್ತು: ಪ್ರಭಾರ. ಸಾಹೇಬ್ರು ಮಂಗಳವಾರ, ಶುಕ್ರವಾರ ಮಾತ್ರ ಸಿಗ್ತಾರೆ, ಇವತ್ತು ಆ ಕಡೆ ಹೋಗಿದಾರೆ. ಎಂಟು ಪಂದ್ಯದಲ್ಲಿ ಒಂದು ಗೆಲುವು, ಆ ಮಾಲ್ಡೀವ್ಸ್‌ನದೇ. ಅವರು ಹೋದ ಮೇಲೆ ಅರ್ಜಿ ಕರೆದರೆ ಸ್ಪೇನಿನ ಖ್ಯಾತ ಮಾಜಿ ಆಟಗಾರ ಜಾವಿ ಹೆಸರಲ್ಲೂ ಒಂದು ಅರ್ಜಿ ಬಂತು. ದೇಶವೆಲ್ಲ ಒಂದು ದಿನ ಪುಳಕಗೊಂಡಿತು. ಆಮೇಲೆ ನೋಡಿದರೆ ಇಮೇಲೇ ನಕಲಿ. ರೇಷನ್ ಕಾರ್ಡಿಗೆ ಬೆರಳಚ್ಚು ಕೇಳುವ ದೇಶದಲ್ಲಿ ರಾಷ್ಟ್ರೀಯ ಕೋಚ್ ಹುದ್ದೆಗೆ ಒಂದು ಫೋನ್ ಮಾಡಿ ವಿಚಾರಿಸುವವರು ಇರಲಿಲ್ಲ. ಕೊನೆಗೆ ಖಾಲಿದ್ ಜಮೀಲ್ ಬಂದರು. ಕ್ಲಬ್ಬುಗಳು ಅವರಿಗೆ ಕೊಟ್ಟ ಸ್ವಾಗತವೂ ಗೊತ್ತಲ್ಲ, ಫಿಫಾ ಅವಧಿಯಲ್ಲ ಎಂದು ಮೋಹನ್ ಬಾಗಾನ್ ಆಟಗಾರರನ್ನೇ ಬಿಡಲಿಲ್ಲ. ನಿಯಮದ ಪ್ರಕಾರ ಅದು ಸರಿಯೇ. ಬಿಡಲೇಬೇಕೆಂಬ ಕಡ್ಡಾಯ ಇರುವುದು ಆ ಅವಧಿಗೆ ಮಾತ್ರ. ತಜಿಕಿಸ್ತಾನದ ಟೂರ್ನಿಗೆ ಹೆಸರು ಕೊಡುವ ಮುಂಚೆ ಕ್ಯಾಲೆಂಡರ್ ನೋಡಬೇಕಾದವರು ಪಂಚಾಂಗ ನೋಡಿದ್ದರೋ ಏನೋ. ಹಾಗಿದ್ದೂ ಆ ತಂಡ ಮೂರನೇ ಸ್ಥಾನ ತಂದಿತು. 2025ರ ಅಕ್ಟೋಬರಿನಲ್ಲಿ ಗೋವಾದ ಫತೋರ್ಡಾದಲ್ಲಿ ಸಿಂಗಪುರದ ಎದುರು 1–2, ಏಷ್ಯನ್ ಕಪ್ ಬಾಗಿಲು ಮುಚ್ಚಿತು. 2047ಕ್ಕೆ ಏಷ್ಯಾದ ಮೊದಲ ನಾಲ್ಕರಲ್ಲಿ ಇರುತ್ತೇವೆ ಎಂಬ ಫೆಡರೇಷನ್ನಿನ ಮುನ್ನೋಟ ಮಾತ್ರ ಹಾಗೇ ಇದೆ. ಆ ಹೊತ್ತಿಗೆ ಅದನ್ನು ಬರೆದವರಲ್ಲಿ ಯಾರನ್ನು ಹಿಡಿದು ಕೇಳುವುದು?

ಇಷ್ಟು ನಗಬಹುದು. ಇದರಾಚೆಗೆ ನಗು ಬರುವುದಿಲ್ಲ.

ಲೀಗಿನ ವಾಣಿಜ್ಯ ಹಕ್ಕುಗಳ 15 ವರ್ಷದ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುತ್ತದೆ ಎಂಬುದು 2010ರಲ್ಲಿ ಸಹಿ ಹಾಕಿದ ದಿನವೇ ಗೊತ್ತಿತ್ತು. ಹದಿನೈದು ವರ್ಷ ಇತ್ತು. ಮುಗಿಯಲು ಎರಡು ತಿಂಗಳೂ ಉಳಿದಿಲ್ಲದಾಗ ಕರೆದ ಟೆಂಡರಿಗೆ ಒಂದು ಬಿಡ್ಡೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಶುರುವಾಗಬೇಕಿದ್ದ ಐಎಸ್‌ಎಲ್ ಶುರುವಾಗಿದ್ದು 2026ರ ಫೆಬ್ರುವರಿ 14ಕ್ಕೆ. ನಡುವೆ ಆಟಗಾರರೇ ವಿಡಿಯೊ ಮಾಡಿ ಫಿಫಾಗೆ ಕೈಮುಗಿದರು, ನಮಗೆ ಆಡಲು ಬಿಡಿಸಿ ಎಂದು. ಆಡಲು! ಸಂಬಳ ಹೆಚ್ಚಿಸಿ ಎಂದಲ್ಲ. ಕೊನೆಗೆ ದಕ್ಕಿದ್ದು 14 ತಂಡ, ಒಬ್ಬರಿಗೊಬ್ಬರು ಒಂದೇ ಸಲ, ತಂಡಕ್ಕೆ 13 ಪಂದ್ಯ. ಒಂದು ನಿಮಿಷವೂ ಬಿಡದೆ ಆಡಿದವನಿಗೆ 1,170 ನಿಮಿಷ. ಪ್ರತಿ ಪಂದ್ಯಕ್ಕೂ ಕೊನೆಯ ಕಾಲುಗಂಟೆ ಇಳಿದ ಹುಡುಗನಿಗೆ 195. ಇಡೀ ಲೀಗಿಗೆ ಮೂರೂಕಾಲು ಗಂಟೆ. ಜಿಮ್ಮಿನಲ್ಲಿ ಎಷ್ಟು ಓಡಿದರೂ ಪಂದ್ಯದ ಓಟ ಬೇರೆ. ದಿಢೀರ್ ನಿಂತು, ತಿರುಗಿ, ಮತ್ತೆ ನುಗ್ಗುವ ಓಟ ತಪ್ಪಿದ ಕಾಲು ಅರುವತ್ತನೇ ನಿಮಿಷಕ್ಕೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಂಡು ಕೂರುತ್ತದೆ. ಆಗ ನಾವು ಟಿವಿ ಮುಂದೆ ಕೂತು 'ಇವನನ್ಯಾಕೆ ಹಾಕಿದ್ರು' ಅನ್ನುತ್ತೇವೆ. ಹಸುವಿಗೆ ಹುಲ್ಲು ಹಾಕದೆ ಕೆಚ್ಚಲು ಹಿಂಡುವವರ ಬಗ್ಗೆ ಒಂದು ಮಾತಿಲ್ಲ, ಹಸುವಿನ ಬಣ್ಣದ ಬಗ್ಗೆ ಮಾತ್ರ ಜಗಳ.

ಈ ಸಲದ ಪಟ್ಟಿಯಲ್ಲೂ ಹೆಸರಿದೆ, ಕ್ಲಬ್ಬಿದೆ, ಆಡುವ ಜಾಗ ಇದೆ. ಅದರ ಮುಂದೆ ಇನ್ನೊಂದು ಸಾಲು ಗೆರೆ ಎಳೆದು, ಈ ಸೀಸನ್ನಿನಲ್ಲಿ ಆಡಿದ ನಿಮಿಷ ಎಷ್ಟು, ಅದರಲ್ಲಿ ಸ್ವಂತ ಜಾಗದಲ್ಲಿ ಆಡಿದ್ದು ಎಷ್ಟು ಎಂದು ಬರೆದರೆ ಕಾಗದಕ್ಕೆ ಖರ್ಚೇನೂ ಜಾಸ್ತಿ ಇಲ್ಲ. 15 ಲಕ್ಷವಂತೂ ಆಗುವುದಿಲ್ಲ. ಎಂ.ಜಿ. ರಸ್ತೆಯ ಸಮಿತಿ ಆಗಲೂ ಜಗಳ ಬಿಡುವುದಿಲ್ಲ ಬಿಡಿ, ಲೆಕ್ಕ ಇಟ್ಟುಕೊಂಡು ಜಗಳಾಡುತ್ತದೆ.

ಒಬ್ಬನ ವಿಷಯದಲ್ಲಿ ಮಾತ್ರ ಇಲ್ಲಿ ಎಂದೂ ಭಿನ್ನಾಭಿಪ್ರಾಯ ಬಂದಿಲ್ಲ. 23 ಜನರ ತಂಡ ಎಂದರೆ ಮೂವರು ಗೋಲಿಗಳು ಇರಲೇಬೇಕು. ಮೂರನೆಯವನು ವಿಮಾನ ಹತ್ತುತ್ತಾನೆ, ಅಭ್ಯಾಸದ ಕೊನೆಗೆ ಎಲ್ಲರೂ ಒದೆಯುವ ಚೆಂಡಿಗೆಲ್ಲ ಎದೆ ಕೊಟ್ಟು ಬೀಳುತ್ತಾನೆ, ಕೋನುಗಳನ್ನು ಒಂದರೊಳಗೊಂದು ಹಾಕಿ ಎತ್ತಿಡಲು ಕೈಜೋಡಿಸುತ್ತಾನೆ, ಪಂದ್ಯದ ದಿನ ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂರುತ್ತಾನೆ, ವಾಪಸು ಬರುತ್ತಾನೆ. ಅವನ ನಿಮಿಷದ ಸಾಲಿನಲ್ಲಿ ಸೊನ್ನೆ ಬರೆಯಬೇಕಾಗುತ್ತದೆ. ಗೌಡರು ಅವನ ಹೆಸರನ್ನು ಓದುವುದೂ ಇಲ್ಲ, ಬಸ್ಸಿಗೆ ಹೊತ್ತಾಗಿರುತ್ತದೆ.